ಹಮಾಲರ ಉಸಿರು, ಅಕ್ಕನ ಪಗಾರ

ನನ್ನ ಅಕ್ಕನ ಪಗಾರ ಬರುತ್ತಿದ್ದುದು ಬ್ಯಾಡಗಿಯ ಹಮಾಲರ ಉಸಿರಿನಿಂದ. ಕೇಳಿದವರಿಗೆ ಇದು ಹುಡುಗಾಟದ ಮಾತು ಅನ್ನಿಸಬಹುದು. ಆದರೆ ಆ ಉಸಿರನ್ನು ಅಳೆಯುವ ಮಣಿ ಮಾಡಿದವನು ನಾನೇ ಆದ್ದರಿಂದ ಹೇಳುವ ಹಕ್ಕು ನನಗಿದೆ. ಜಂಬವೂ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಹಿಂದೆ ವೈದ್ಯರಿಗೆ ದುಡ್ಡು ಹೇಗೆ ಬರುತ್ತಿತ್ತು ಅನ್ನುವುದು ಗೊತ್ತಿರುವ ವಿಷಯವೇ. ಎಷ್ಟು ಜನರನ್ನು ನೋಡಿದರು, ಎಷ್ಟು ಸೂಜಿ ಚುಚ್ಚಿದರು, ಎಷ್ಟು ಪರೀಕ್ಷೆ ಬರೆದರು ಅನ್ನುವುದರ ಮೇಲೆ. ಬೀಡಿ ಸೇದುವವನ ಎದುರು ಕುಳಿತು, ಯಾವಾಗ ಸೇದುತ್ತೀ, ಬಿಡಲು ಹೋದಾಗ ಏನಾಗುತ್ತದೆ ಎಂದು ಕೇಳಿಸಿಕೊಳ್ಳುವುದಕ್ಕೆ ಯಾರೂ ಒಂದು ಕಾಸು ಕೊಡುತ್ತಿರಲಿಲ್ಲ. ಹಾಗಾಗಿ ಹೆಚ್ಚಿನವರು ಚೀಟಿ ಬರೆಯುತ್ತ, ತಲೆ ಎತ್ತದೆ, ಬೀಡಿ ಬಿಡಬೇಕು ಅನ್ನುತ್ತಿದ್ದರು. ರೋಗಿ ಹೂಂಗುಟ್ಟಿ ಹೊರಗೆ ಬಂದು, ಆ ಮಾತು ಕೇಳಿದ ಬೇಸರಕ್ಕೇ ಒಂದು ಬೀಡಿ ಹಚ್ಚುತ್ತಿದ್ದ.

ಇದನ್ನು ಸರಿಪಡಿಸಲು ಉಸಿರು ಯೋಜನೆ ಬಂತು. ಬೀಡಿ, ಸಿಗರೇಟು ಬಿಡಬೇಕೆಂದು ಬಂದವನ ಕೊರಳಿಗೆ ಕಡಲೆಕಾಳಿನಷ್ಟು ದೊಡ್ಡ ಒಂದು ಮಣಿ. ಅದು ಗಂಟಲ ಕುಳಿಯಲ್ಲಿ ಕುಳಿತು, ಚರ್ಮದ ಮೂಲಕವೇ ರಕ್ತದಲ್ಲಿನ ಹೊಗೆಯ ಅಂಶವನ್ನು ಅಳೆಯುತ್ತದೆ. ಸೇದದಿದ್ದರೆ ಹಾಲಿನ ಹಾಗೆ ಬಿಳಿ, ಸೇದಿದರೆ ನಿಧಾನಕ್ಕೆ ಕಂದು. ಬಣ್ಣ ಬದಲಾಗಲು ಕೆಲವು ದಿನ ಬೇಕು. ಹಾಗಾಗಿ ಒಂದು ತಾಸು ಬಿಚ್ಚಿಟ್ಟು ಸೇದಿ ಮತ್ತೆ ಕಟ್ಟಿಕೊಂಡರೆ ಪ್ರಯೋಜನವಿಲ್ಲ, ಹೊಗೆ ರಕ್ತದಲ್ಲಿ ಮಾರನೆಯ ದಿನದವರೆಗೂ ಉಳಿದಿರುತ್ತದೆ. ಮಣಿಯನ್ನು ಗೋಡೆಯ ಮೊಳೆಗೆ ನೇತುಹಾಕಿದರೂ ನಡೆಯುವುದಿಲ್ಲ. ಬಣ್ಣದ ಜೊತೆಗೆ ಉಸಿರಿನ ಏರಿಳಿತವನ್ನೂ ಅದು ಹುಬ್ಬಳ್ಳಿಯ ನಮ್ಮ ನಿಯಂತ್ರಣ ಕೊಠಡಿಗೆ ಕಳುಹಿಸುತ್ತಲೇ ಇರುತ್ತದೆ. ಮೊಳೆ ಉಸಿರಾಡುವುದಿಲ್ಲವಲ್ಲ. ಇಷ್ಟೆಲ್ಲ ಯೋಚಿಸಿದ್ದೆ ನಾನು.

ಮಣಿ ಬಿಳಿ ಇರುವಷ್ಟು ಕಾಲ ಆ ವೈದ್ಯರಿಗೆ ಸಂಭಾವನೆ, ಕಂದಾದರೆ ಕಡಿತ. ಮೇಲಿನವರಿಗೆ ಇದು ಬಹಳ ಚಂದ ಕಂಡಿತು. ನಮ್ಮ ಇಲಾಖೆ ಎಲ್ಲ ದವಾಖಾನೆಗಳ ಗೋಡೆಗೂ ದೊಡ್ಡ ಅಕ್ಷರದಲ್ಲಿ ಒಂದು ಫಲಕ ಅಂಟಿಸಿತು: ನೀವು ಸೇದಿದರೆ ನಿಮ್ಮ ವೈದ್ಯರಿಗೆ ನಷ್ಟ. ಜನ ನಾಚಿಕೊಂಡು ಬಿಡುತ್ತಾರೆ ಎಂದು ಲೆಕ್ಕ.

ಮೊದಲು ಬುದ್ಧಿವಂತಿಕೆ ತೋರಿಸಿದವರು ವೈದ್ಯರು. ಹಬ್ಬಕ್ಕೊಂದು ಸಿಗರೇಟು ಸೇದುವ ಕಾಲೇಜು ಹುಡುಗರನ್ನು ಹುಡುಕಿ ಹುಡುಕಿ ಸೇರಿಸಿಕೊಂಡರು. ಎದ್ದ ಕೂಡಲೇ ಬೀಡಿ, ಮಲಗುವ ಮುಂಚೆ ಬೀಡಿ ಅನ್ನುವವರು ಬಂದರೆ, ಜಾಗ ತುಂಬಿದೆ ಎಂದು ಕೈ ಆಡಿಸಿದರು. ಬ್ಯಾಡಗಿಯ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಚೀಲ ಹೊರುವ ಹಮಾಲರು ಹೀಗೆ ಬಾಗಿಲು ಬಾಗಿಲು ತಿರುಗಿ, ಕಡೆಗೆ ನನ್ನ ಅಕ್ಕ ಡಾಕ್ಟರ್ ಗಂಗಾಂಬಿಕೆಯ ದವಾಖಾನೆಗೆ ಬಂದರು. ಮೆಣಸಿನಕಾಯಿಯ ಘಾಟು ಗಂಟಲಿಗೆ ಕೂತು ಕೆರೆಯುತ್ತದೆ, ಬೀಡಿ ಎಳೆದರೆ ಆ ಕೆರೆತ ಇಳಿಯುತ್ತದೆ ಅನ್ನುವುದು ಅವರ ನಂಬಿಕೆ. ಅಕ್ಕ ಒಬ್ಬರನ್ನೂ ವಾಪಸು ಕಳಿಸಲಿಲ್ಲ. ನಾನು ಫೋನಿನಲ್ಲಿ, ಇವರಿಂದ ನಿನ್ನ ಪಗಾರ ಮುಳುಗುತ್ತದೆ ಎಂದು ಎಚ್ಚರಿಸಿದೆ. ಅವಳು, ಈಗ ಕೆಲಸ ಐತಿ, ಆಮೇಲೆ ಮಾತಾಡು ಎಂದು ಫೋನ್ ಇಟ್ಟಳು.

ಆದರೆ ಪಗಾರ ಮುಳುಗಲಿಲ್ಲ. ಅಕ್ಕನ ಹಮಾಲರ ಮಣಿಗಳು ಬೆಳ್ಳಗೆ ಹೊಳೆಯತೊಡಗಿದವು. ನಿಯಂತ್ರಣ ಕೊಠಡಿಯ ಗೋಡೆಯ ಮೇಲಿನ ನಕಾಶೆಯಲ್ಲಿ ಇಡೀ ರಾಜ್ಯ ಬಿಳಿ ಕಂದು ಚುಕ್ಕೆಗಳಿಂದ ತುಂಬಿದ್ದರೆ, ಬ್ಯಾಡಗಿ ಮಾತ್ರ ಒಂದು ಹನಿ ಹಾಲು ಚೆಲ್ಲಿದಂತೆ ಕಾಣುತ್ತಿತ್ತು. ನಮ್ಮ ನಿರ್ದೇಶಕರು ಬಂದವರಿಗೆಲ್ಲ ಅದನ್ನೇ ತೋರಿಸಿ, ಅದು ನಮ್ಮ ಚನ್ನವೀರನ ಅಕ್ಕನ ಊರು ಅನ್ನುತ್ತಿದ್ದರು. ನಾನು ವಿನಯದಿಂದ ನೆಲ ನೋಡುತ್ತಿದ್ದೆ. ಒಳಗೊಳಗೇ ಹಿಗ್ಗಿ ಹೀರೇಕಾಯಿಯಾಗಿದ್ದೆ. ರಾಜ್ಯದ ಮೊದಲ ಸನ್ಮಾನ ಅಕ್ಕನಿಗೇ ಎಂದು ತೀರ್ಮಾನವಾದಾಗ, ಆ ಸುದ್ದಿ ನಾನೇ ಹೇಳಬೇಕೆಂದು ಬ್ಯಾಡಗಿಗೆ ಹೋದೆ.

ಅಕ್ಕ ಹಿತ್ತಲಲ್ಲಿ ಬಟ್ಟೆ ಒಣಗಹಾಕುತ್ತಿದ್ದಳು. ಸುದ್ದಿ ಕೇಳಿ ಹೂಂ ಅಂದಳು. ರೊಟ್ಟಿ ಬಡಿಯುವಾಗಲೂ ಮುಖ ಅರಳಲಿಲ್ಲ. ಏನಾಯಿತೆಂದು ನಾನು ಕೆದಕಿ ಕೆದಕಿ ಕೇಳಿದ ಮೇಲೆ ಮೈಲಾರಪ್ಪನ ವಿಷಯ ತೆಗೆದಳು.

ಮೈಲಾರಪ್ಪ ಹಮಾಲರ ಗುಂಪಿನ ಮುಂದಾಳು. ನಲವತ್ತು ದಾಟಿರಲಿಲ್ಲ. ಎಡಗಾಲಿನ ಕಿರುಬೆರಳು ಕಪ್ಪಾಗಿ, ಪಕ್ಕದ ಬೆರಳಿಗೂ ನೋವು ಹತ್ತಿತ್ತು. ಬೀಡಿ ಸೇದುವವರಿಗೆ ಬರುವ ರೋಗ ಅದು. ಹೊಗೆಯ ದೆಸೆಯಿಂದ ಕಾಲಿನ ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುತ್ತ ಹೋಗುತ್ತವೆ. ಬೀಡಿಯನ್ನು ಪೂರ್ತಿ ಬಿಟ್ಟರೆ ರೋಗ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ದಿನಕ್ಕೆ ಒಂದೇ ಸೇದಿದರೂ ನಿಲ್ಲುವುದಿಲ್ಲ. ಮೈಲಾರಪ್ಪ ಬಿಟ್ಟು ಎಷ್ಟೋ ತಿಂಗಳಾಗಿತ್ತು, ಕೊರಳಲ್ಲಿ ಬಿಳಿ ಮಣಿ ಸಾಕ್ಷಿ ಹೇಳುತ್ತಿತ್ತು. ಆದರೂ ಕಪ್ಪು ಮೇಲೇರುತ್ತಿತ್ತು. ದಾವಣಗೆರೆಯ ಶಸ್ತ್ರವೈದ್ಯರು ಅವನ ಮಣಿ ನೋಡಿ, ಬಿಟ್ಟ ಮೇಲೂ ಹೀಗಾದರೆ ಇನ್ನು ದಾರಿಯಿಲ್ಲ, ಮೊಣಕಾಲ ಕೆಳಗೆ ಕತ್ತರಿಸಬೇಕು ಎಂದು ದಿನ ಗೊತ್ತು ಮಾಡಿಬಿಟ್ಟಿದ್ದರು. ಹಮಾಲನಿಗೆ ಕಾಲು ಹೋದರೆ ಹೆಗಲು ಇದ್ದು ಏನು ಮಾಡುವುದು?

ರೊಟ್ಟಿ ತಟ್ಟೆಗೆ ಹಾಕುತ್ತ ಅಕ್ಕ ಕೇಳಿದಳು. "ಚನ್ನೂ, ನಿನ್ನ ಮಣಿ ಸುಳ್ಳು ಹೇಳತೈತೇನು?"

ನನಗೆ ರೇಗಿತು. ಆ ಮಣಿಯನ್ನು ನಾನು ಹೊಗೆ ತುಂಬಿದ ಕೋಣೆಯಲ್ಲಿ, ಬೆವರಿನಲ್ಲಿ, ನೀರಿನಲ್ಲಿ ಪರೀಕ್ಷಿಸಿದ್ದೆ. ನಿನ್ನ ರೋಗನಿರ್ಣಯ ತಪ್ಪಿರಬಹುದು, ನನ್ನ ಮಣಿ ತಪ್ಪುವುದಿಲ್ಲ ಎಂದು ಖಡಾಖಂಡಿತ ಹೇಳಿದೆ. ಅಕ್ಕ ಜಗಳಕ್ಕೆ ಬರಲಿಲ್ಲ. ನನ್ನದು ತಪ್ಪಿದ್ದರೆ ಛಲೋನೇ ಆತು, ಕಾಲರೆ ಉಳೀತೈತಿ ಅಂದಳು. ಆ ಮಾತು ನನಗೆ ನಾಟಿತು. ಹುಬ್ಬಳ್ಳಿಗೆ ಹಿಂತಿರುಗಿದವನೇ, ಅವಳನ್ನು ಸುಳ್ಳುಮಾಡಲೆಂದೇ, ಮೈಲಾರಪ್ಪನ ಮಣಿಯ ಉಸಿರಿನ ಗೆರೆ ತೆಗೆದು ನೋಡಿದೆ.

ಗೆರೆ ಸರಿಯಾಗಿಯೇ ಇತ್ತು. ಏರುತ್ತಿತ್ತು, ಇಳಿಯುತ್ತಿತ್ತು. ಹೋಲಿಸಿ ನೋಡಲು ಪಕ್ಕದಲ್ಲಿ ಇನ್ನೊಬ್ಬ ಹಮಾಲನ ಗೆರೆ ಹಾಕಿದೆ. ಎರಡೂ ಒಟ್ಟಿಗೇ ಏರಿದವು, ಒಟ್ಟಿಗೇ ಇಳಿದವು. ಕಾಕತಾಳೀಯ ಅಂದುಕೊಂಡೆ. ಮೂರನೆಯವನದು ಹಾಕಿದೆ. ಆಮೇಲೆ ಅಕ್ಕನ ಹಮಾಲರದೆಲ್ಲ ಸಾಲಾಗಿ ಹಾಕಿದೆ. ಕವಾಯತಿನ ಸಿಪಾಯಿಗಳ ಹಾಗೆ ಅಷ್ಟೂ ಗೆರೆಗಳು ಒಂದೇ ಹೆಜ್ಜೆಯಲ್ಲಿ ನಡೆಯುತ್ತಿದ್ದವು. ನೋಡುತ್ತಿದ್ದ ಹಾಗೇ ಎಲ್ಲ ಗೆರೆಗಳೂ ಒಮ್ಮೆಲೇ ನಡುಗಿದವು. ಬ್ಯಾಡಗಿಯ ಹಮಾಲರೆಲ್ಲ ಒಂದೇ ಕ್ಷಣಕ್ಕೆ ಕೆಮ್ಮಿದ್ದರು.

ನನಗೆ ಮೊದಲು ಬಂದದ್ದು ನಗು. ಕೊಠಡಿಯವರೆಲ್ಲ ತಿರುಗಿ ನೋಡುವ ಹಾಗೆ ನಕ್ಕೆ. ಮಣಿಗಳೆಲ್ಲ ಒಂದೇ ಕೊರಳಲ್ಲಿದ್ದವು. ಯಾರೋ ಒಬ್ಬರು, ಬೀಡಿ ಸೇದದವರು, ಊರಿನ ಹಮಾಲರ ಪರವಾಗಿ ಉಸಿರಾಡುತ್ತಿದ್ದರು. ನಗು ಮುಗಿದ ಮೇಲೆ ಮೈಲಾರಪ್ಪನ ಕಾಲು ನೆನಪಾಯಿತು. ಅವನು ಬೀಡಿ ಬಿಟ್ಟೇ ಇಲ್ಲ. ಹಾಗಾದರೆ ಆ ಕಾಲು ಉಳಿಯುವ ದಾರಿ ಇನ್ನೂ ಇದೆ. ಕತ್ತರಿಸುವ ದಿನ ಮಾತ್ರ ಹತ್ತಿರ ಬರುತ್ತಿತ್ತು. ಅಕ್ಕನಿಗೆ ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಸಿಕ್ಕ ಬಸ್ಸು ಹತ್ತಿ ಬ್ಯಾಡಗಿಗೆ ಬಂದು, ಎದುರು ನಿಂತು ಹೇಳಿದೆ; ಅಕ್ಕ ನನ್ನನ್ನು ಕರೆದುಕೊಂಡು ನೇರ ಮಾರ್ಕೆಟ್ಟಿಗೆ ಹೊರಟಳು.

ಮಾರ್ಕೆಟ್ಟಿನ ಗೇಟು ದಾಟುವಷ್ಟರಲ್ಲೇ ಇಬ್ಬರಿಗೂ ಸೀನು ಶುರುವಾಯಿತು. ಎಲ್ಲಿ ನೋಡಿದರೂ ಕೆಂಪು ರಾಶಿ. ಒಂದು ಚಪ್ಪರದ ಕೆಳಗೆ ಹೆಂಗಸರು ಸಾಲಾಗಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಅದರ ತುದಿಯಲ್ಲಿ ಮೈಲಾರಪ್ಪನ ಅಕ್ಕ ದ್ಯಾಮವ್ವ ಮೂಗು ಬಾಯಿಗೆ ಸೆರಗು ಕಟ್ಟಿಕೊಂಡು ಕುಳಿತಿದ್ದಳು. ಅವಳ ಹಿಂದಿನ ಬೇವಿನ ಗಿಡದ ಟೊಂಗೆಯಲ್ಲಿ ತಾಯಿತ, ಬೆಳ್ಳಿ ಸರ, ಉಂಗುರ ಕಟ್ಟಿದ ದಾರ ತೂಗುತ್ತಿದ್ದವು. ಹಮಾಲರು ಚೀಲಕ್ಕೆ ಹೆಗಲು ಕೊಡುವ ಮುಂಚೆ ಕೊರಳಲ್ಲಿ ಏನನ್ನೂ ಇಟ್ಟುಕೊಳ್ಳುವುದಿಲ್ಲ. ಚೀಲದ ಬಾಯಿಹೊಲಿಗೆಗೆ ದಾರ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ಎಲ್ಲ ಬಿಚ್ಚಿ ದ್ಯಾಮವ್ವನ ವಶಕ್ಕೆ ಕೊಡುವುದು ಅಲ್ಲಿನ ರೂಢಿ. ಕೊರಳಿಗೆ ಕಟ್ಟುವ ಮಣಿಯನ್ನು ಹಮಾಲರಿಗೆ ಕೊಡುವಾಗ ನಾನು ಅವರು ಚೀಲ ಎತ್ತುವುದನ್ನು ಒಮ್ಮೆಯೂ ನಿಂತು ನೋಡಿರಲಿಲ್ಲ.

ಟೊಂಗೆಯಲ್ಲಿ ಎಲ್ಲ ಇತ್ತು, ನನ್ನ ಮಣಿಗಳು ಮಾತ್ರ ಇರಲಿಲ್ಲ. ಅಕ್ಕ ಬಗ್ಗಿ ದ್ಯಾಮವ್ವನ ಸೆರಗು ಸರಿಸಿದಳು. ಕೊರಳ ತುಂಬ ಬಿಳಿ ಮಣಿಗಳು, ಮುತ್ತಿನ ಹಾರದ ಹಾಗೆ. ನಿಜ ಹೇಳುತ್ತೇನೆ, ಅವು ಅವಳಿಗೆ ಒಪ್ಪುತ್ತಿದ್ದವು.

ದ್ಯಾಮವ್ವ ಗಾಬರಿಯಾಗಲಿಲ್ಲ. ಕಳ್ಳತನ ಮಾಡಿ ಸಿಕ್ಕವರ ಮುಖವೇ ಅಲ್ಲ ಅದು. ಹಮಾಲರು ಮೊದಮೊದಲು ಕೆಲಸದ ಹೊತ್ತಿಗಷ್ಟೇ ಕೊಡುತ್ತಿದ್ದರಂತೆ. ಬಿಡಲು ಎಲ್ಲರೂ ಒದ್ದಾಡಿದರಂತೆ, ಕೆಲವರು ಬಿಟ್ಟೂ ಇದ್ದರಂತೆ, ಮತ್ತೆ ಹಚ್ಚಿದರಂತೆ. ಮಣಿ ಕಂದಾಗತೊಡಗಿದಾಗ ದವಾಖಾನೆಯ ಗೋಡೆಯ ಮೇಲಿನ ಫಲಕ ನೆನಪಾಯಿತಂತೆ. ಯಾರೂ ಸೇರಿಸಿಕೊಳ್ಳದ ತಮ್ಮನ್ನು ಸೇರಿಸಿಕೊಂಡ ಡಾಕ್ಟರಕ್ಕನ ಪಗಾರ ತಮ್ಮ ಬೀಡಿಯಿಂದ ಕಡಿಮೆಯಾಗಬಾರದೆಂದು ಎಲ್ಲರೂ ಕೂಡಿ ಮಾತಾಡಿ, ಮಣಿಗಳನ್ನು ಹಗಲೂ ರಾತ್ರಿ ಇವಳ ಕೊರಳಿಗೇ ಬಿಟ್ಟರಂತೆ. ದವಾಖಾನೆಗೆ ಹೋಗುವ ದಿನ ಮಾತ್ರ ಇಸಿದುಕೊಂಡು ಕಟ್ಟಿಕೊಳ್ಳುತ್ತಿದ್ದರು. ತಮ್ಮನ ಕಾಲಿನ ವಿಷಯ ಇವಳಿಗೆ ಗೊತ್ತಿರಲಿಲ್ಲ. ಚೀಲ ಬಿದ್ದು ಬೆರಳು ಜಜ್ಜಿದೆ ಎಂದು ಅವನು ಹೇಳಿದ್ದ.

ಅಷ್ಟರಲ್ಲಿ ಮೈಲಾರಪ್ಪ ಕುಂಟುತ್ತ ಬಂದ. ನನ್ನ ಅಕ್ಕನನ್ನೂ, ದ್ಯಾಮವ್ವನ ಕೊರಳಲ್ಲಿ ಬಯಲಾದ ಮಣಿಗಳನ್ನೂ ನೋಡಿ ನಿಂತ. ನನ್ನ ಅಕ್ಕ ಸಿಟ್ಟಿಗೆದ್ದದ್ದನ್ನು ನಾನು ಅಪರೂಪಕ್ಕೆ ನೋಡಿದ್ದೇನೆ. ಅವತ್ತು ಅವಳ ದನಿ ಏರಲಿಲ್ಲ, ಇಳಿಯಿತು.

"ಕಾಲು ಕಡಿಸಿಕೊಳ್ಳಾಕ ತಯಾರಾದಿ. ನನಗ ಒಂದು ಮಾತು ಹೇಳಾಕ ತಯಾರಾಗಲಿಲ್ಲ."

ಮೈಲಾರಪ್ಪ ಪಕ್ಕದ ಚೀಲಕ್ಕೆ ಕೈ ಊರಿದ. ಆಮೇಲೆ ಹೇಳಿದ. "ನನ್ನ ಚೀಲ ನಾ ಹೊರತೀನ್ರಿ ಅಕ್ಕಾರ. ನಿಮ್ಮ ಹೆಗಲಿಗೆ ಹ್ಯಾಂಗ ಹಾಕಲಿ?"

"ಬೆನ್ನಿಗೆ ಚೀಲ ಏರಸಾಕ ನಿನಗ ಇಬ್ರು ಬೇಕಲ್ಲ?"

"ಬೇಕ್ರಿ."

"ಆ ಇಬ್ಬರೊಳಗ ನಾ ಒಬ್ಬಾಕಿ. ನನ್ನ ಪಗಾರದ ಚಿಂತಿ ನನಗ ಬಿಡು."

ಅಷ್ಟು ದೊಡ್ಡ ಗಂಡಸು, ಮೆಣಸಿನಕಾಯಿ ಚೀಲದ ಮೇಲೆ ಕುಳಿತು ಅತ್ತುಬಿಟ್ಟ. ಘಾಟಿಗೆ ಕಣ್ಣಲ್ಲಿ ನೀರು ಬರುವುದು ಅಲ್ಲಿ ಹೊಸದಲ್ಲವಾದ್ದರಿಂದ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ನಾನು ಕೂಡ ಕಣ್ಣು ಒರೆಸಿಕೊಂಡೆ, ಹೆಸರಿಗೆ ಘಾಟು ಇದ್ದೇ ಇತ್ತು.

ಅಕ್ಕ ಅಲ್ಲೇ ನಿಂತು ದಾವಣಗೆರೆಗೆ ಫೋನ್ ಮಾಡಿದಳು. ರೋಗಿ ಇನ್ನೂ ಸೇದುತ್ತಿದ್ದಾನೆ, ಕತ್ತರಿಸುವುದನ್ನು ಮುಂದಕ್ಕೆ ಹಾಕಿ, ಬಿಡಿಸಲು ನನಗೆ ಅವಕಾಶ ಕೊಡಿ ಎಂದು ಕೇಳಿದಳು. ಶಸ್ತ್ರವೈದ್ಯರು ಗೊಣಗಿದರು, ಬೆರಳು ಉಳಿಯುವ ಭರವಸೆ ಇಲ್ಲ ಅಂದರು, ಪಾದದ ಮಟ್ಟಿಗೆ ಕಾದು ನೋಡಲು ಒಪ್ಪಿದರು. ಎರಡನೆಯ ಫೋನು ನಮ್ಮ ನಿರ್ದೇಶಕರಿಗೆ. ನನ್ನ ಹಮಾಲರು ಯಾರೂ ಬೀಡಿ ಬಿಟ್ಟಿಲ್ಲ, ಸನ್ಮಾನ ಬೇಡ, ಇಲ್ಲಿಯವರೆಗೆ ಬಂದದ್ದನ್ನು ವಾಪಸು ತೆಗೆದುಕೊಳ್ಳಿ ಎಂದು ಎರಡು ಮಾತಿನಲ್ಲಿ ಮುಗಿಸಿದಳು. ಮನೆಗೆ ಹೋಗುವ ದಾರಿಯಲ್ಲಿ ದವಾಖಾನೆಗೆ ಹೊಕ್ಕು ಗೋಡೆಯ ಫಲಕವನ್ನು ಉಗುರಿನಿಂದ ಕೆರೆದು ಕಿತ್ತಳು. ನಮ್ಮ ಇಲಾಖೆಯ ಅಂಟು ಗಟ್ಟಿಯಾಗಿತ್ತು. ನಾನೂ ಕೈ ಹಾಕಿದೆ.

ಮರುದಿನದಿಂದ ಮಣಿಗಳು ತಮ್ಮ ತಮ್ಮ ಕೊರಳಿಗೆ ಹೋದವು. ಕೆಲಸದ ಹೊತ್ತಿಗೆ ಹಮಾಲರು ಅವುಗಳನ್ನು ಸೊಂಟದ ಉಡದಾರಕ್ಕೆ ಕಟ್ಟಿಕೊಳ್ಳುವಂತೆ ನಾನು ಸಣ್ಣ ತಿದ್ದುಪಡಿ ಮಾಡಿಕೊಟ್ಟೆ. ವಾರ ಕಳೆಯುವಷ್ಟರಲ್ಲಿ ನಕಾಶೆಯ ಆ ಹಾಲಿನ ಹನಿ ಚಹಾದ ಹನಿಯಾಯಿತು. ಅಕ್ಕನ ಪಗಾರ ನೆಲಕಚ್ಚಿತು. ಬಂದವರಿಗೆ ಬ್ಯಾಡಗಿ ತೋರಿಸುವುದನ್ನು ನಿರ್ದೇಶಕರು ನಿಲ್ಲಿಸಿದರು. ನಾನು ಮಾತ್ರ ದಿನಾ ನೋಡುತ್ತಿದ್ದೆ. ಗೆರೆಗಳು ಈಗ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಒಂದು ಉದ್ದ, ಒಂದು ಗಿಡ್ಡ, ಒಂದಕ್ಕೆ ಗೊರಕೆ. ಅಷ್ಟು ಚಂದದ ಗೆರೆಗಳನ್ನು ನಾನು ಅದುವರೆಗೆ ನೋಡಿರಲಿಲ್ಲ.

ಅಕ್ಕ ಸಂಜೆ ದವಾಖಾನೆ ಮುಚ್ಚಿ ಮಾರ್ಕೆಟ್ಟಿಗೇ ಹೋಗಿ ಕೂರತೊಡಗಿದಳು. ಮೈಲಾರಪ್ಪನಿಗೆ ಚಟದ ತಹತಹ ಇಳಿಸುವ ಔಷಧಿ ಕೊಟ್ಟಳು. ಅದಕ್ಕಿಂತ ಹೆಚ್ಚಾಗಿ ಕೇಳಿಸಿಕೊಂಡಳು. ಲಾರಿ ತುಂಬಿಸಿ ಮುಗಿದು ಬೆವರು ಆರುವ ಹೊತ್ತೇ ಅವನ ಗಂಡಾಂತರದ ಹೊತ್ತು ಎಂದು ತಿಳಿಯಿತು. ಆ ಹೊತ್ತಿಗೆ ದ್ಯಾಮವ್ವ ಬೆಲ್ಲದ ಚೂರು ಹಿಡಿದು ತಮ್ಮನ ಪಕ್ಕ ಬಂದು ಕೂರುತ್ತಿದ್ದಳು, ಸುಮ್ಮನೆ ಬೈಯುತ್ತಿದ್ದಳು. ಕಾಲಿನ ವಿಷಯ ಮುಚ್ಚಿಟ್ಟದ್ದಕ್ಕೆ ಅವಳ ಬೈಗುಳ ತಿಂಗಳುಗಟ್ಟಲೆ ಸಾಲುವಷ್ಟಿತ್ತು. ಬೈಗುಳ ಮುಗಿಯುವಷ್ಟರಲ್ಲಿ ಚಟದ ಹೊತ್ತು ದಾಟಿರುತ್ತಿತ್ತು.

ಅವನು ಎಡವಿದ, ಒಮ್ಮೆಯಲ್ಲ. ಎಡವಿದಾಗಲೆಲ್ಲ ಅಕ್ಕನ ಬಾಗಿಲಿಗೆ ಬಂದು, ತಪ್ಪಾಯಿತು ಅನ್ನುತ್ತಿದ್ದ. ಅವಳು ಕುಳ್ಳಿರಿಸಿ, ಯಾವಾಗ, ಯಾರ ಜೊತೆ, ಏನಾಗಿತ್ತು ಎಂದು ಕೇಳುತ್ತಿದ್ದಳು. ಮತ್ತೆ ಶುರು. ಹೀಗೆ ಬಂದು ಹೇಳಿದ ದಿನವೇ ಚಿಕಿತ್ಸೆ ಮುಂದಕ್ಕೆ ಹೋಗುವುದನ್ನು ನಾನು ಗಮನಿಸಿದೆ. ನಮ್ಮ ಯೋಜನೆ ಮಾತ್ರ ಅದೇ ದಿನಕ್ಕೆ ಅವಳ ಪಗಾರ ಕತ್ತರಿಸುತ್ತಿತ್ತು. ತಲೆಕೆಳಗಾಗಿ ಕಟ್ಟಿದ ಮನೆಯಲ್ಲಿ ಇಷ್ಟು ದಿನ ಜಂಬದಿಂದ ಓಡಾಡುತ್ತಿದ್ದೆನಲ್ಲ ಅನ್ನಿಸಿತು.

ನಿರ್ದೇಶಕರ ಮುಂದೆ ಹೋಗಿ ಕುಳಿತೆ. ಮಣಿಯ ಬಣ್ಣ ಚಿಕಿತ್ಸೆಗೆ ಮಾತ್ರ ಬಳಕೆಯಾಗಲಿ, ಪಗಾರಕ್ಕೂ ಅದಕ್ಕೂ ಗಂಟು ಬೇಡ ಅಂದೆ. ಎಡವಿದವನು ಮರಳಿ ಬಂದು ಕೂತು ಮಾತಾಡಿದರೆ ಆ ಭೇಟಿಗೇ ಸಂಭಾವನೆ ಕೊಡಿ, ಎಷ್ಟು ಸಲ ಬಂದರೂ ಕೊಡಿ ಅಂದೆ. ಸೋತವರಿಗೆ ದುಡ್ಡು ಕೊಡಬೇಕೇನು ಎಂದು ಅವರು ಹುಬ್ಬೇರಿಸಿದರು. ನಾನು ಗೋಡೆಯ ಮೇಲೆ ಬ್ಯಾಡಗಿಯ ಹಳೆಯ ಗೆರೆಗಳನ್ನು ಹಾಕಿ, ಎಲ್ಲರೂ ಒಟ್ಟಿಗೆ ಕೆಮ್ಮುವುದನ್ನು ತೋರಿಸಿದೆ. ನಮ್ಮ ದುಡ್ಡಿನಿಂದ ನಾವು ಕೊಂಡದ್ದು ಇದನ್ನು, ಅಂದೆ. ಅವರು ನಗಲಿಲ್ಲ. ಇನ್ನೊಮ್ಮೆ ತೋರಿಸು ಅಂದರು. ಬ್ಯಾಡಗಿಯ ಜಿಲ್ಲೆಯೊಂದರಲ್ಲಿ ಮಾಡಿ ನೋಡಲು ಅನುಮತಿ ಸಿಕ್ಕಿತು. ಮೊದಲು ಜಾಗವಿಲ್ಲ ಅಂದಿದ್ದ ವೈದ್ಯರ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಎಡವುವವರು ಈಗ ಯಾರಿಗೂ ಭಾರವಾಗಿರಲಿಲ್ಲ.

ಮೈಲಾರಪ್ಪನ ಕಿರುಬೆರಳು ಹೋಯಿತು. ಕಪ್ಪು ಅಲ್ಲಿಗೇ ನಿಂತಿತು. ಪಕ್ಕದ ಬೆರಳಿಗೆ ಮೊದಲು ಬೆಚ್ಚಗೆ, ಆಮೇಲೆ ಕೆಂಪಗೆ ಜೀವ ಬಂತು. ದಾವಣಗೆರೆಯ ಶಸ್ತ್ರವೈದ್ಯರು ಆ ಪಾದವನ್ನು ಕೈಯಲ್ಲಿ ಹಿಡಿದು ನಾಡಿ ನೋಡಿ, ಈ ಕಾಲು ನಿನ್ನದೇ, ಮನೆಗೆ ತೆಗೆದುಕೊಂಡು ಹೋಗು ಅಂದರಂತೆ. ಹಮಾಲರು ಅವನನ್ನು ಮಾರ್ಕೆಟ್ಟಿನ ಗೇಟಿನಿಂದ ಹೆಗಲ ಮೇಲೆ ಹೊತ್ತು ತಂದರು. ಜೀವಮಾನದಲ್ಲಿ ಒಮ್ಮೆಯಾದರೂ ನಿನ್ನನ್ನು ಹೊರಬೇಕು ಎಂದು ಅವರ ವಾದ. ಇಳಿಸಿರಲೇ ಎಂದು ಅವನು ಮೇಲಿಂದ ಬೈಯುತ್ತಿದ್ದನಂತೆ.

ಹೊಸ ನಿಯಮ ಬಂದ ಮೇಲೆ ಕೆಲವು ತಿಂಗಳು ಬಿಟ್ಟು ನಾನು ಮತ್ತೆ ಊರಿಗೆ ಹೋದೆ. ಹೊರಡುವ ಮುಂಚೆ ಕೊಠಡಿಯಲ್ಲಿ ಬ್ಯಾಡಗಿಯನ್ನು ನೋಡಿಕೊಂಡಿದ್ದೆ. ಕಂದು ಚುಕ್ಕೆ ಅಲ್ಲೊಂದು ಇಲ್ಲೊಂದು ಉಳಿದಿತ್ತು. ಮಿಕ್ಕದ್ದೆಲ್ಲ ಬಿಳಿ. ಈ ಸಲ ಗೆರೆಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಪ್ರತಿಯೊಬ್ಬನದೂ ಅವನವನದೇ ಉಸಿರು.

ದವಾಖಾನೆಯ ಮುಂದೆ ಹಮಾಲರ ಸಾಲು ನಿಂತಿತ್ತು. ಅಕ್ಕನ ಮುಖ ನೋಡಿದರೆ ನಗು ತಡೆದುಕೊಳ್ಳುವವಳ ಮುಖ. ಬೆಳಿಗ್ಗೆಯಿಂದ ಇದೇ ಕತೆ ಎಂದು ನನಗೆ ಕಣ್ಣಲ್ಲೇ ಹೇಳಿ, ಬೆಂಚಿನ ಮೂಲೆಗೆ ಕೂರಲು ಸನ್ನೆ ಮಾಡಿದಳು. ಮೈಲಾರಪ್ಪ ಎರಡೂ ಕಾಲ ಮೇಲೆ ಸಮನಾಗಿ ನಡೆದು ಒಳಗೆ ಬಂದ. ಮುಖವನ್ನು ಬಹಳ ಪ್ರಯತ್ನಪಟ್ಟು ಸಪ್ಪೆ ಮಾಡಿಕೊಂಡಿದ್ದ.

"ಹೋದ ವಾರ ಒಂದು ಸೇದೀನ್ರಿ ಅಕ್ಕಾರ. ಎಡವಿಬಿಟ್ಟೆ. ಬರಕೋರಿ."

ಅಕ್ಕ ಬಗ್ಗಿ ಅವನ ಕೊರಳ ಮಣಿ ನೋಡಿದಳು. ಹಾಲಿನ ಹಾಗೆ ಬಿಳಿ. ಹಿಂದಿನ ವಾರ, ಅದರ ಹಿಂದಿನ ವಾರ ಕೂಡ ಹಾಗೇ ಇತ್ತು ಎಂದು ನನಗೆ ಗೊತ್ತಿತ್ತು. ಬಾಗಿಲಾಚೆ ಸಾಲಿನಲ್ಲಿ ನಿಂತವರ ಕೊರಳಲ್ಲೂ ಬಿಳಿ ಮಣಿಗಳೇ, ಎಲ್ಲರ ಮುಖವೂ ಹೀಗೇ ಸಪ್ಪೆ. ಅವರೆಲ್ಲ ಎಡವಿದ ಸುದ್ದಿ ಹೇಳಲು ಬಂದವರು. ಹಾಗೆ ಹೇಳಿದರೆ ಡಾಕ್ಟರಕ್ಕನಿಗೆ ಪಗಾರ ಬರುತ್ತದೆಂದು ಯಾರೋ ಅವರಿಗೆ ತಿಳಿಸಿದ್ದರು.

"ಮಣಿ ಬೆಳ್ಳಗೈತಲ್ಲೋ, ಮೈಲಾರಪ್ಪ," ಅಂದಳು ಅಕ್ಕ.

ಮೈಲಾರಪ್ಪ ನನ್ನ ಕಡೆ ಒಮ್ಮೆ ನೋಡಿದ. ಆಮೇಲೆ ಅಕ್ಕನ ಕಡೆ ತಿರುಗಿ, ದೊಡ್ಡ ಗುಟ್ಟು ಹೇಳುವವನ ಹಾಗೆ ದನಿ ತಗ್ಗಿಸಿದ.

"ನಿಮ್ಮ ತಮ್ಮನ ಮಣಿ ನಂಬಬ್ಯಾಡ್ರಿ ಅಕ್ಕಾರ. ಅದು ಮೊದಲಿಂದಾನೂ ಸುಳ್ಳು ಹೇಳತೈತಿ."

ನನ್ನ ಮಣಿಯನ್ನು ಅಷ್ಟು ಜನರ ಮುಂದೆ ಸುಳ್ಳುಬುರುಕ ಅಂದದ್ದು ಅದೇ ಮೊದಲು. ಆ ದಿನದಷ್ಟು ಜಂಬ ನನಗೆ ಮತ್ತೆಂದೂ ಬಂದಿಲ್ಲ.